ಅವಳ ಕುರಿಗಳು, ನಾನು ತೋಡಿದ ಖಣಿ

ನಾನು ಕಲ್ಲಿನ ಕೆಲಸದವನು. ವಾಡಿಗೆ ಹತ್ತಿರದ ನಮ್ಮ ಊರಿನಲ್ಲಿ ಒಂದು ಮೊಳ ಮಣ್ಣು ಸರಿಸಿದರೆ ಸಾಕು, ಫರ್ಸಿ ಬಂಡೆ ಹತ್ತುತ್ತದೆ. ಶಹಾಬಾದಿನಲ್ಲಿ ಹತ್ತನೆಯ ತರಗತಿ ಮುಗಿಸಿ ಮನೆಗೆ ಬಂದ ವಾರವೇ ಅಪ್ಪ ನನ್ನ ಕೈಗೆ ಉಳಿ, ಸುತ್ತಿಗೆ ಕೊಟ್ಟ. ಅಂದಿನಿಂದ ಕಲ್ಲು ಎಬ್ಬಿಸುವುದು, ಅಂಚು ಕಡಿಯುವುದು, ಲಾರಿಗೆ ಹೇರುವುದು, ಇಷ್ಟೇ ನನ್ನ ವಿದ್ಯೆ. ಕುರಿಗಳ ಲೋಕ ನನ್ನ ಹೆಂಡತಿಯದು. ತವರಿನಿಂದ ಬರುವಾಗ ಎರಡು ಕುರಿ, ಒಂದು ಆಡು ಹೊಡೆದುಕೊಂಡು ಬಂದವಳು, ಸಾಯುವ ಹೊತ್ತಿಗೆ ನಲವತ್ತೊಂದು ಕುರಿ, ಹನ್ನೊಂದು ಆಡುಗಳ ಹಿಂಡು ಬಿಟ್ಟು ಹೋದಳು. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಅವಳು ಬೆಳೆಸಿದ್ದು ಎಂದರೆ ಅದೊಂದೇ.

ಯುಗಾದಿ ಕಳೆದು ವಾರವಾಗಿರಲಿಲ್ಲ. ಸಂಜೆ ಹಿಂಡನ್ನು ಹಟ್ಟಿಗೆ ಕೂಡಿದವಳು ತಲೆ ನೋಯುತ್ತದೆ ಎಂದು ಮಲಗಿದಳು. ಮೂರು ದಿನ ಜ್ವರ. ನಾಲ್ಕನೆಯ ದಿನ ಕಲಬುರಗಿಯ ಆಸ್ಪತ್ರೆಯಿಂದ ಅವಳ ದೇಹವನ್ನು ತಂದೆವು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಕುರಿಗಳೆಲ್ಲ ಹಟ್ಟಿಯ ಬಾಗಿಲಿಗೆ ಬಂದು ಒದರತೊಡಗಿದವು. ಯಾರಾದರೂ ಹೊರಡಿಸಲೇಬೇಕಿತ್ತು. ಅವಳ ಕೋಲು ಗೋಡೆಗೆ ಆನಿಸಿತ್ತು, ತೆಗೆದುಕೊಂಡು ಹೊರಟೆ. ಈ ಹಿಂಡನ್ನು ಮಾರುವುದಿಲ್ಲ, ಸಾಯಲು ಬಿಡುವುದಿಲ್ಲ ಎಂದು ಆ ದಾರಿಯಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ.

ಅವಳನ್ನು ಮಣ್ಣು ಮಾಡಿದ್ದು ನಮ್ಮದೇ ಹೊಲದಲ್ಲಿ, ಹಳೆಯ ಕಲ್ಲಿನ ಖಣಿಯ ದಂಡೆಯ ಇಳಿಜಾರಿನಲ್ಲಿ. ಆ ಖಣಿ ನಾನೂ ನನ್ನ ಜೊತೆಗಾರರೂ ತೋಡಿದ್ದು. ಕೆಲಸ ನಡೆಯುವಾಗ ಹಗಲೆಲ್ಲ ಪಂಪು ನೀರೆತ್ತುತ್ತಿತ್ತು. ಒಳ್ಳೆಯ ಕಲ್ಲು ಮುಗಿಯಿತು, ಪಂಪು ಬೇರೆ ಕಡೆ ಹೋಯಿತು, ಗುಂಡಿ ಹಾಗೆಯೇ ಉಳಿಯಿತು. ಮೊದಲ ಕೆಲವು ವರ್ಷ ಮಳೆಗಾಲದಲ್ಲಿ ತುಂಬಿದ ನೀರು ಸಂಕ್ರಾಂತಿಯ ಹೊತ್ತಿಗೆ ಆರಿ ತಳದ ಕೆಸರು ಬಿರಿಯುತ್ತಿತ್ತು. ಆಮೇಲೆ ಮಳೆಯ ರೀತಿಯೇ ಬದಲಾಯಿತು. ಜೂನಿನಲ್ಲಿ ಕೈ ಕೊಡುತ್ತದೆ, ದಸರೆಯ ನಂತರ ಸುರಿಯುತ್ತದೆ. ತೊಗರಿ ಹೂವು ಬಿಡುವ ಕಾಲಕ್ಕೆ ಹೊಲದಲ್ಲಿ ನೀರು ನಿಲ್ಲುತ್ತದೆ. ಅಂಥ ಎರಡು ಮಳೆಗಾಲ ಕಳೆದ ಮೇಲೆ ಖಣಿ ಬೇಸಿಗೆಯಲ್ಲೂ ಆರಲಿಲ್ಲ. ಸುತ್ತ ಬಂಡೆಯೂ ಒಣ ಜಾಲಿಯೂ ಇರುವಲ್ಲಿ ನೀರಿನ ಅಂಚಿಗೆ ಮಾತ್ರ ಒಂದು ಪಟ್ಟಿಯಷ್ಟು ಎಳೆ ಹುಲ್ಲು.

ಅದನ್ನು ನೋಡಿ ಅವಳು ನನ್ನನ್ನು ಕೆಣಕುತ್ತಿದ್ದಳು. “ಜನ್ಮಪೂರ್ತಿ ಕಲ್ಲು ಒಡದಿ. ನಿನ್ನ ಕೆಲಸದಾಗ ಹಸರು ಹುಟ್ಟಿದ್ದು ಇದೊಂದೇ ನೋಡು.”

ನೀರು ಕುಡಿಸಲು ಅವಳು ಕುರಿಗಳನ್ನು ಅಲ್ಲಿಗೇ ಇಳಿಸುತ್ತಿದ್ದಳು. ಆದರೆ ಕುಡಿದವೋ ಇಲ್ಲವೋ, ಉಷ್ ಉಷ್ ಎಂದು ಮೇಲಕ್ಕೆ ಅಟ್ಟಿಬಿಡುತ್ತಿದ್ದಳು. ತಾನು ದಂಡೆಯ ಮೇಲೆ ಕುಳಿತು, ಹಿಂಡನ್ನು ಮೇಲಿನ ಕಲ್ಲುನೆಲದಲ್ಲಿ ಮೇಯಿಸುತ್ತಿದ್ದಳು. ಅಷ್ಟು ಹುಲ್ಲಿದ್ದರೂ ಯಾಕೆ ಮೇಲೆ ಒಯ್ಯುತ್ತೀ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅವಳ ಕೆಲಸದಲ್ಲಿ ನಾನು ಕೈ ಹಾಕುತ್ತಿರಲಿಲ್ಲ, ನನ್ನ ಕೆಲಸದಲ್ಲಿ ಅವಳು.

ಮಣ್ಣಿಗೆ ಬಂದ ಅತ್ತೆ ನನ್ನ ಜೊತೆಗೇ ಉಳಿದಳು. ಅವಳು ನನ್ನ ಅಪ್ಪನ ತಂಗಿ, ನನ್ನ ಹೆಂಡತಿಯ ತಾಯಿಯೂ ಅವಳೇ. ಚಿಂಚೋಳಿ ತಾಲ್ಲೂಕಿನ ಕೊನೆಗೆ, ಕುಂಚಾವರಂ ಕಾಡಿನಂಚಿನ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಆ ಕಡೆ ಮಾತಿನಲ್ಲಿ ತೆಲುಗು ಬೆರೆತಿದೆ. ನನಗೆ ಐವತ್ತು ಸಮೀಪಿಸಿದರೂ ‘ಬಿಡ್ಡಾ’ ಎಂದು ಕೂಸನ್ನು ಕರೆದಂತೆ ಕರೆಯುತ್ತಾಳೆ. ಅವಳ ಮನೆತನದಲ್ಲಿ ಒಂದು ಪದ್ಧತಿ ಇದೆ. ಕುರಿ ಸಾಕಿದವರು ತೀರಿಕೊಂಡರೆ, ಒಂದು ವರ್ಷ ತುಂಬುವವರೆಗೆ ಪ್ರತಿ ಅಮಾವಾಸ್ಯೆಗೆ ಹಿಂಡನ್ನು ಅವರ ಮಣ್ಣಿನ ಹತ್ತಿರ ಒಯ್ಯಬೇಕು. ಮುಂದಾಳು ಕುರಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಬೆಳಗಿನಿಂದ ಹೊತ್ತು ವಾಲುವವರೆಗೆ ಅಲ್ಲೇ ನಿಲ್ಲಿಸಬೇಕು. ಸತ್ತವರು ತಮ್ಮ ಕುರಿಗಳನ್ನು ಕಣ್ತುಂಬ ನೋಡಿಕೊಳ್ಳಲಿ ಎಂದು.

“ವರ್ಷದತನಕ ಅಕಿ ಜೀವ ಹಿಂಡಿನಾಗೇ ಇರ್ತದ, ಬಿಡ್ಡಾ. ಆಮ್ಯಾಲ ಹೋಗ್ತದ. ಅಷ್ಟರತನಕ ತೋರಿಸಬೇಕು,” ಎಂದಳು ಅತ್ತೆ.

ನನಗೆ ಆ ಪದ್ಧತಿ ಹಿಡಿಸಿತು. ಹಿಡಿಸಿತು ಎನ್ನುವುದಕ್ಕಿಂತ ಅದೇ ನನಗೆ ಬೇಕಾಗಿತ್ತು. ಅಮಾವಾಸ್ಯೆಗೆ ಮಾತ್ರವಲ್ಲ, ಕ್ರಮೇಣ ದಿನಾಲೂ ಅಲ್ಲಿಗೇ ಒಯ್ಯತೊಡಗಿದೆ. ಹಿಂಡು ಕೆಳಗೆ ಹಸಿರು ಪಟ್ಟಿಯಲ್ಲಿ ಮೇಯುತ್ತಿತ್ತು, ನಾನು ಅವಳ ಪಕ್ಕ ಕುಳಿತಿರುತ್ತಿದ್ದೆ. ಕೋಲು ಎತ್ತುವ ಕೆಲಸವೂ ಇರಲಿಲ್ಲ. ಮಳೆಗಾಲ ಹಾಗೆ ಕಳೆಯಿತು. ದೀಪಾವಳಿ ಮುಗಿದ ಮೇಲೂ ಮೂರು ದಿನ ಬಿಡದೆ ಮಳೆ ಹೊಡೆಯಿತು. ನೀರು ದಂಡೆಗೆ ಏರಿತು, ಮತ್ತೆ ನಿಧಾನವಾಗಿ ಇಳಿಯಿತು. ಇಳಿದಷ್ಟೂ ಹೊಸ ಹುಲ್ಲು ಕಂಡಿತು. ಕುರಿಗಳು ಕಾಲು ಕೆಸರಲ್ಲಿ ಹೂತು ತಿಂದವು. ನನಗೆ ಸಮಾಧಾನವೇ ಆಯಿತು. ಅವಳಿದ್ದಾಗಲೂ ಇಷ್ಟು ಹೊಟ್ಟೆ ತುಂಬಿರಲಿಲ್ಲ ಎಂದುಕೊಂಡೆ.

ಚಳಿಗಾಲ ಎನ್ನುವುದು ಹೆಸರಿಗೆ ಬಂತು. ಕಂಬಳಿ ತೆಗೆಯುವಂಥ ಚಳಿ ಬೀಳಲೇ ಇಲ್ಲ. ಆಗ ಮೊದಲ ಕುರಿಯ ಗದ್ದದ ಕೆಳಗೆ ಬಾವು ಕಂಡಿತು. ನೀರು ತುಂಬಿದ ಚೀಲ ಜೋತಂತೆ. ಬೆಳಿಗ್ಗೆ ಸ್ವಲ್ಪ ಇಳಿದಿರುತ್ತಿತ್ತು, ಮೇಯ್ದು ಬಂದ ಮೇಲೆ ಮತ್ತೆ ಊದುತ್ತಿತ್ತು. ವಾರದಲ್ಲಿ ಐದು ಕುರಿಗೆ ಹಾಗಾಯಿತು. ಉಣ್ಣೆ ಹಿಡಿದರೆ ಕೈಗೇ ಬರುತ್ತಿತ್ತು. ಕಣ್ಣಿನ ಒಳರೆಪ್ಪೆ ಬಿಡಿಸಿ ನೋಡಿದರೆ ಸುಣ್ಣದಷ್ಟು ಬಿಳಿ. ಅತ್ತೆ ಬಾವು ಬಂದಲ್ಲಿ ಬರೆ ಹಾಕಿದಳು. ನಾನು ಅಂಗಡಿಯಿಂದ ಜಂತಿನ ಔಷಧ ತಂದು ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಅಳತೆ ಕುಡಿಸಿದೆ. ಎರಡು ಸತ್ತವು. ಮತ್ತೆ ಮೂರು.

“ದೃಷ್ಟಿ ಆಗ್ಯಾದ. ಮಣ್ಣಿನ ಹತ್ರ ಇನ್ನೂ ಹೆಚ್ಚು ನಿಲ್ಲಿಸು. ಅಕೀನೇ ಕಾಯ್ತಾಳ,” ಎಂದಳು ಅತ್ತೆ. ನಾನು ಹಾಗೆಯೇ ಮಾಡಿದೆ.

ಎಳ್ಳ ಅಮಾವಾಸ್ಯೆ ಬಂತು. ಅಂದು ಸಜ್ಜೆ ಕಡುಬು, ಭಜ್ಜಿ ಮಾಡಿ ಹೊಲಕ್ಕೆ ಒಯ್ದು ಉಂಡೆವು. ಮರುದಿನ ಕರಿ. ಆ ದಿನ ಅವಳ ಹೆಸರಿನಲ್ಲಿ ಒಂದು ಟಗರು ಕೊಯ್ದು, ಕಲೇಜಿಯನ್ನು, ಎಂದರೆ ಅದರ ಯಕೃತ್ತನ್ನು, ಮೊದಲು ಕೆಂಡದ ಮೇಲೆ ಸುಟ್ಟು ಅವಳಿಗೆ ಎಡೆ ಇಡಬೇಕು. ಕೊಯ್ಯಲು ಶಹಾಬಾದಿನಿಂದ ನನ್ನ ಹಳೆಯ ಗೆಳೆಯನನ್ನು ಕರೆಸಿದ್ದೆ. ಅವನು ಅಲ್ಲಿ ಮಟನ್ ಅಂಗಡಿ ಇಟ್ಟವನು, ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು.

ಅವನು ಹೊಟ್ಟೆ ಸೀಳಿ ಕಲೇಜಿ ಹೊರಗೆ ತೆಗೆದ. ತೆಗೆದವನು ಎಡೆಯ ತಾಟಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದು ನನ್ನನ್ನು ಕರೆದ.

“ಇಲ್ಲಿ ಬಾ. ಇದನ್ನ ನೋಡು ಮೊದಲ.”

ನುಣುಪಾಗಿ ಕೆಂಪಗೆ ಇರಬೇಕಾದದ್ದು ಗಂಟುಗಂಟಾಗಿ ಬಿರುಸಾಗಿತ್ತು. ಚಾಕು ಆಡಿಸಿದರೆ ಕರಕರ ಸದ್ದು ಬಂತು. ಒಳಗಿನ ನಾಳಗಳು ಬಿಳಿಯ ಪೈಪುಗಳಂತೆ ದಪ್ಪಗಾಗಿದ್ದವು. ಅವನು ಒಂದನ್ನು ಹಿಂಡಿದ. ಬೇವಿನೆಲೆಯಂಥ ಚಪ್ಪಟೆ ಹುಳುಗಳು ಕಂದು ರಸದ ಜೊತೆ ಹೊರಬಂದು ಕಲ್ಲಿನ ಮೇಲೆ ಮಡಚಿಕೊಂಡವು.

“ಈಗೀಗ ಭಾಳ ಬರ್ಲಿಕತ್ತಾವ ಇಂಥವು. ಮೊದಲ ಯಾವಾಗರೆ ಒಂದು ಸಿಗ್ತಿತ್ತು, ಬೀಸಾಕ್ತಿದ್ದೆ. ಈಗ ಗಿರಾಕಿ ಮುಂದ ಕಲೇಜಿ ಕೊಯ್ಯಾಕ ನನಗ ಅಂಜಿಕಿ ಬರ್ತದ. ಕೆರಿ, ನಾಲಾ, ಖಣಿ ಕಡೆ ಮೇದ ಕುರಿಗೋಳೇ ಹೆಚ್ಚು,” ಎಂದ. ನಂತರ ದನಿ ತಗ್ಗಿಸಿ, “ದೋಸ್ತ, ಉಳಿದವು ನಡೀಲಿಕತ್ತಾವ ಅಂಬೋದರಾಗ ಕೊಟ್ಟುಬಿಡು. ಇದು ನಿನ್ನ ಕೆಲಸ ಅಲ್ಲ,” ಎಂದ.

ಅತ್ತೆ ದೂರದಿಂದಲೇ ನೋಡಿದಳು. ಕೆಂಡಕ್ಕೆ ನೀರು ಹಾಕಿದಳು. “ಅಕಿ ಎಡಿ ಒಲ್ಲೆ ಅಂದಾಳ. ನಮ್ಮ ಕಡೆಯಿಂದ ಏನೋ ತಪ್ಪಾಗ್ಯಾದ. ಒಂಬತ್ತು ದಿನ ಹಿಂಡು ಅಲ್ಲೇ ಕೂಡಬೇಕು, ಬಿಡ್ಡಾ. ಹಗಲೂ ಅಲ್ಲೇ, ರಾತ್ರಿನೂ ಅಲ್ಲೇ.”

ಮರುದಿನ ಕಲೇಜಿಯ ಒಂದು ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು, ಐದಾರು ಕುರಿಗಳ ಹಿಕ್ಕೆಯನ್ನು ಬೇರೆಬೇರೆ ಕಾಗದದಲ್ಲಿ ಕಟ್ಟಿಕೊಂಡು, ವಾಡಿಯಲ್ಲಿ ರೈಲು ಹತ್ತಿ ಚಿತ್ತಾಪುರದ ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡಬ್ಬಿ ತೆರೆದ ತಕ್ಷಣ ಅವಳ ಮುಖ ಗಂಭೀರವಾಯಿತು. ಹಿಕ್ಕೆಯನ್ನು ನೀರಿನಲ್ಲಿ ಕಲಸಿ, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, “ಕಾಕಾ, ಬರ್ರಿ. ನೀವೇ ನೋಡ್ರಿ,” ಎಂದಳು. ಬಂಗಾರದ ಬಣ್ಣದ ಸಣ್ಣ ಮೊಟ್ಟೆಗಳು ಕಂಡವು. ಅಷ್ಟು ಕೆಟ್ಟದ್ದು ಅಷ್ಟು ಚೆಂದ ಕಾಣಬಾರದಿತ್ತು ಅನ್ನಿಸಿತು.

“ನೀರು ಎಲ್ಲಿ ಕುಡಸ್ತೀರಿ?”

“ಹಳೇ ಖಣ್ಯಾಗರಿ.”

“ವರ್ಷಪೂರ್ತಿ ನೀರು ಇರ್ತದೇನು? ದಂಡಿಗೆ ಹುಲ್ಲದ?”

“ಅದರಿ.”

“ಆಡುಗೋಳಿಗೂ ಹಿಂಗ ಆಗ್ಯಾದೇನು?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹನ್ನೊಂದು ಆಡುಗಳಲ್ಲಿ ಒಂದಕ್ಕೆ ಮಾತ್ರ ಬಾವು ಬಂದಿತ್ತು. ಉಳಿದವು ಕೆಸರಿಗೆ ಇಳಿಯದೆ ದಂಡೆಯ ಜಾಲಿಯ ಎಲೆ ಕೀಳುತ್ತ ನಿಲ್ಲುತ್ತಿದ್ದವು. ಹಾಗೆಂದು ಹೇಳಿದೆ.

“ಅದಕ್ಕೇ ಉಳದಾವ,” ಎಂದಳು ಅವಳು. ನಂತರ ಕುಳಿತು ನಿಧಾನವಾಗಿ ತಿಳಿಸಿದಳು. ಹಿಕ್ಕೆಯಲ್ಲಿ ಬಿದ್ದ ಆ ಚಪ್ಪಟೆ ಹುಳುವಿನ ಮೊಟ್ಟೆ ನಿಂತ ನೀರಿಗೆ ಸೇರಿದರೆ ಒಡೆದು ಮರಿಯಾಗುತ್ತದೆ. ಮರಿ ನೀರಿನ ಸಣ್ಣ ಬಸವನಹುಳುವಿನ ಮೈಯೊಳಗೆ ಹೊಕ್ಕು ಅಲ್ಲಿ ಬೆಳೆದು, ಒಂದಕ್ಕೆ ನೂರಾರಾಗಿ ಹೊರಬರುತ್ತದೆ. ಹೊರಬಂದದ್ದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ. ನೀರು ಇಳಿದಾಗ ಆ ಹುಲ್ಲೇ ಕುರಿಯ ಬಾಯಿಗೆ ಮೊದಲು ಸಿಗುತ್ತದೆ. “ಅದಕ್ಕ ಬೇಕಾಗೋದು ಎರಡೇ ನೋಡ್ರಿ, ನಿಂತ ನೀರು, ಬೆಚ್ಚಗಿನ ಹವಾ. ಈ ಸಲ ಮಳಿ ದೀಪಾವಳಿ ದಾಟಿ ಬಂತು, ಚಳಿ ಬೀಳಲೇ ಇಲ್ಲ. ಬಸವನಹುಳಕ್ಕ ಹಬ್ಬ ಆಗ್ಯಾದ. ಔಷಧ ಕೊಡ್ತೀನಿ, ತೂಕ ನೋಡಿ ಕುಡಸ್ರಿ. ಒಂದು ಸಲ ಸಾಲಂಗಿಲ್ಲ, ಒಳಗ ಸಣ್ಣ ಹುಳ ಉಳೀತಾವ. ಮತ್ತ ನಾ ಹೇಳಿದ ದಿನಕ್ಕ ಕುಡಸಬೇಕು. ಆದ್ರ ಕುಡಿಸಿ ಅಲ್ಲೇ ಮೇಯಿಸಿದ್ರ ನೀವು ಬಂದದ್ದು ಸುಮ್ನ ಆಗ್ತದ, ಕಾಕಾ.”

“ಆ ಖಣಿ ನಾನೇ ತೋಡಿದ್ದರಿ,” ಎಂದೆ. ಯಾಕೆ ಹೇಳಿದೆನೋ ತಿಳಿಯದು.

ಅವಳು ಔಷಧದ ಬಾಟಲಿ ನನ್ನ ಮುಂದಿಟ್ಟಳು. “ಹಂಗಾದ್ರ ಅದನ್ನ ಮುಚ್ಚೋ ದಾರಿನೂ ನಿಮಗೇ ಗೊತ್ತಿರಬೇಕು.”

ಊರಿಗೆ ಮರಳಿದವನು ಮನೆಗೆ ಹೋಗದೆ ನೇರವಾಗಿ ಖಣಿಗೆ ಇಳಿದೆ. ನೀರಿನಲ್ಲಿ ಅರ್ಧ ಮುಳುಗಿದ ಒಂದು ಒಡಕು ಫರ್ಸಿಯನ್ನು ಮಗುಚಿದೆ. ಅದರ ಅಡಿಯಲ್ಲಿ ಹೆಸರುಕಾಳಿನಿಂದ ಹಿಡಿದು ಕಡಲೆಯಷ್ಟು ಗಾತ್ರದ ಬಸವನಹುಳುಗಳು ಒತ್ತೊತ್ತಾಗಿ ಅಂಟಿದ್ದವು. ಇನ್ನೊಂದು ಕಲ್ಲು ಮಗುಚಿದೆ, ಅಲ್ಲೂ ಹಾಗೇ. ಇಪ್ಪತ್ತು ಹೆಜ್ಜೆ ಮೇಲೆ ಅವಳ ಮಣ್ಣು. ಒಂಬತ್ತು ತಿಂಗಳು ಅವಳಿಗೆ ತೋರಿಸಲೆಂದು ನಾನು ಹಿಂಡನ್ನು ಇಲ್ಲಿ ತಂದು ನಿಲ್ಲಿಸಿದ್ದೆ. ಕೆಸರಲ್ಲಿ ನಿಂತು ಹಿಕ್ಕೆ ಹಾಕಿದ್ದವು, ಅದೇ ಕೆಸರಿನ ಹುಲ್ಲು ತಿಂದಿದ್ದವು. ನಾನು ಮೇಲೆ ಕುಳಿತು ಅಳುತ್ತಿದ್ದೆ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, “ನಮ್ಮೂರಾಗ ಮುತ್ತಜ್ಜನ ಕಾಲದಿಂದ ತೋರಿಸ್ತಾರ. ಒಂದು ಕುರಿನೂ ಸತ್ತಿಲ್ಲ,” ಎಂದಳು.

“ಅತ್ತಿ, ನಿಮ್ಮೂರಾಗ ಮಣ್ಣು ಮಾಡೋದು ಗುಡ್ಡದ ಮ್ಯಾಲ. ಬಿದ್ದ ಮಳಿ ಹರದು ಹೋಗ್ತದ, ನಿಲ್ಲಂಗಿಲ್ಲ. ಇಲ್ಲಿ ನಾ ಗುಂಡಿ ತೋಡೀನಿ, ನೀರು ನಿಂತದ.”

“ಅಂದ್ರ ಅಕಿನ್ನ ಒಬ್ಬಾಕಿನ್ನೇ ಬಿಡಬೇಕು ಅಂತೀ?”

“ಅಕಿ ಇದ್ದಾಗ ಹಿಂಡು ಅಲ್ಲಿ ನಿಲ್ಲಸ್ತಿದ್ದಿಲ್ಲ. ನೀರು ಕುಡಿಸಿ ಮ್ಯಾಲ ಹೊಡೀತಿದ್ದಳು. ನಾ ಕಣ್ಣಾರೆ ನೋಡೀನಿ. ಅಕಿಗಿ ಡಾಕ್ಟರು ಹೇಳಿದ್ದಿಲ್ಲ, ಆದ್ರ ಏನೋ ತಿಳದಿತ್ತು.”

“ಕಲ್ಲು ಒಡೆಯೋನಿಗಿ ಈಗ ಕುರಿ ಶಾಸ್ತ್ರ ಬಂತೇನು?”

“ಬಂದಿಲ್ಲತ್ತಿ. ಕಲ್ಲಿನ ಶಾಸ್ತ್ರ ಬರ್ತದ. ಅದನ್ನೇ ಮಾಡ್ತೀನಿ.”

ಖಣಿಯ ಪಕ್ಕ ಬೇಡವಾದ ಒಡಕು ಕಲ್ಲಿನ ಗುಡ್ಡೆಗಳಿದ್ದವು, ನಮ್ಮ ಕಾಲದವೇ. ಅವುಗಳಿಂದ ಆಳೆತ್ತರದ ಹಲಗೆಗಳನ್ನು ಆರಿಸಿದೆ. ನಮ್ಮ ಕಡೆ ಹೊಲಕ್ಕೆ ಬೇಲಿ ಎಂದರೆ ಇದೇ, ಫರ್ಸಿಯನ್ನು ನೆಲದಲ್ಲಿ ಅರ್ಧ ಹೂತು ನಿಲ್ಲಿಸುವುದು. ಖಣಿಯ ಸುತ್ತ, ಅವಳ ಮಣ್ಣನ್ನೂ ಒಳಗೆ ಸೇರಿಸಿ, ಅಂಥ ಬೇಲಿ ಹಾಕತೊಡಗಿದೆ. ದಿನಾ ಹಿಂಡನ್ನು ಮೇಲಿನ ಕಲ್ಲುನೆಲಕ್ಕೆ ಬಿಟ್ಟು, ಅದರ ಮೇಲೆ ಒಂದು ಕಣ್ಣಿಟ್ಟು, ಹಾರೆ ಹಿಡಿಯುತ್ತಿದ್ದೆ. ಒಬ್ಬನೇ ಎತ್ತಲಾಗದ ಕಲ್ಲಿಗೆ ಹಳೆಯ ಜೊತೆಗಾರನೊಬ್ಬನನ್ನು ಕರೆದೆ. ಅವನು ಮೀಸೆಯಲ್ಲಿ ನಗುತ್ತ, “ಎಬ್ಬಿಸಿದ ಕಲ್ಲು ಮತ್ತ ಹೂಳೋ ಹುಚ್ಚ ನೀನೊಬ್ಬನೇ ಮಾರಾಯ,” ಎಂದ. ಆದರೂ ಕೆಲಸ ಮುಗಿಯುವವರೆಗೆ ದಿನಾ ಬಂದ. ಮೇಲಿನ ಹೊಲದಲ್ಲಿ ನಾಲ್ಕು ಹಲಗೆ ಜೋಡಿಸಿ, ಸಂದಿಗೆ ಸಿಮೆಂಟು ಮೆತ್ತಿ, ಕುರಿಗಳು ಕುಡಿಯಲು ನೀರಿನ ಡೋಣಿ ಕಟ್ಟಿದೆವು. ಬೋರಿನಿಂದ ಅದಕ್ಕೆ ಪೈಪು ಎಳೆದೆವು. ಹಟ್ಟಿಯ ಗೊಬ್ಬರ ಮಳೆನೀರಿನ ಜೊತೆ ಖಣಿಯ ಕಡೆ ಹರಿಯದಂತೆ ಒಂದು ಒಡ್ಡು ಹಾಕಿದೆವು. ಬೆಳಿಗ್ಗೆ ಮಂಜಿನ ನೀರು ಆರುವ ಮುಂಚೆ ಹಿಂಡು ಬಿಡುವುದನ್ನು ನಿಲ್ಲಿಸಿದೆ. ಔಷಧವನ್ನು ಒಂದೊಂದರ ತೂಕ ನೋಡಿ, ಗದ್ದ ಮೇಲೆತ್ತಿ, ಉಗುಳದಂತೆ ಕುಡಿಸಿದೆ.

ಔಷಧ ಕುಡಿಸಿದ ಮೇಲೂ ನಾಲ್ಕು ಸತ್ತವು. ತಡವಾಗಿತ್ತು. ಅವುಗಳಲ್ಲಿ ಒಂದು ಅವಳು ತವರಿನಿಂದ ತಂದ ಕುರಿಯ ಸಂತತಿಯ ಹಳೆಯ ತಾಯಿ. ಅದನ್ನು ಹೂತು ಬಂದ ದಿನ ಅತ್ತೆ ನನ್ನ ತಾಟಿಗೆ ರೊಟ್ಟಿ ಹಾಕಿ ಎದ್ದು ಹೋದಳು.

ಬೇಲಿಯಲ್ಲಿ ಒಂದಾಳು ಅಗಲದ ಕಿಂಡಿ ಉಳಿದಿದ್ದಾಗ ಮುಂದಿನ ಅಮಾವಾಸ್ಯೆ ಬಂತು. ಅತ್ತೆ ಬೆಳಿಗ್ಗೆಯೇ ಮಿಂದು, ಭಂಡಾರದ ಚೀಲ ಹಿಡಿದು, ಹಟ್ಟಿಯ ಬಾಗಿಲು ತಾನೇ ತೆರೆದು ಹಿಂಡನ್ನು ಖಣಿಯ ದಾರಿಗೆ ಹೊಡೆದಳು. ಕುರಿಗಳಿಗೆ ಆ ದಾರಿ ರೂಢಿಯಾಗಿತ್ತು, ಓಡಿದವು. ನಾನು ಅಡ್ಡಹಾದಿಯಲ್ಲಿ ಇಳಿದು ಕಿಂಡಿಯಲ್ಲಿ ನಿಂತೆ.

“ಪಕ್ಕಕ್ಕ ಸರಿ,” ಎಂದಳು ಅತ್ತೆ.

“ಸರಿಯಂಗಿಲ್ಲ.”

“ನನ್ನ ಮಗಳು ಅಕಿ!”

“ನನ್ನ ಹೆಂಡತಿ, ಅತ್ತಿ. ಅಕಿದು ಅಂತ ಭೂಮಿ ಮ್ಯಾಲ ಉಳದದ್ದು ಇವೇ. ಅಕಿಗಿ ತೋರಿಸ್ತೀನಿ ಅಂತ ಇವನ್ನ ಕೊಲ್ಲೋದು ನನಗ ಆಗಂಗಿಲ್ಲ. ನೀ ಹೋಗು, ಕುಂದ್ರು. ಹಿಂಡು ಬರಂಗಿಲ್ಲ.”

ಮುಂದಿನ ಸಾಲಿನ ಕುರಿಗಳು ನನ್ನ ಮೊಣಕಾಲಿಗೆ ತಲೆ ಒತ್ತಿ ತಳ್ಳುತ್ತಿದ್ದವು. ಹಸಿರು ಕಾಣುತ್ತಿತ್ತಲ್ಲ. ನಾನು ಕೋಲು ಬೀಸಿದೆ. ನನ್ನ ಹೆಂಡತಿಯ ಕೋಲನ್ನು ಕುರಿಗಳ ಮೇಲೆ ಬೀಸಿದ್ದು ಅದೇ ಮೊದಲು. ಉಷ್ ಉಷ್ ಎಂದು ಕೂಗಿದಾಗ ನನ್ನ ಗಂಟಲಿನಿಂದ ಅವಳ ಕೂಗಿನ ಧಾಟಿಯೇ ಬಂತು. ಹಿಂಡು ತಿರುಗಿತು. ಅತ್ತೆ ಭಂಡಾರದ ಚೀಲವನ್ನು ಎದೆಗೆ ಒತ್ತಿಕೊಂಡು ನನ್ನನ್ನು ದಾಟಿ ಒಬ್ಬಳೇ ಒಳಗೆ ಹೋದಳು. ಹೊತ್ತು ವಾಲುವವರೆಗೂ ಮಗಳ ಪಕ್ಕ ಕುಳಿತಿದ್ದಳು. ಮರುದಿನ ಸೇಡಂ ಬಸ್ಸು ಹತ್ತಿ ಊರಿಗೆ ಹೊರಟುಹೋದಳು. ಸೇಡಂನಿಂದ ಚಿಂಚೋಳಿ, ಅಲ್ಲಿಂದ ಕುಂಚಾವರಂ, ದಿನವಿಡೀ ಹಿಡಿಯುವ ದಾರಿ. ತಲುಪಿದೆ ಎಂದು ಫೋನು ಮಾಡಲಿಲ್ಲ.

ಅತ್ತೆ ಹೋದ ದಿನವೇ ಕಿಂಡಿಗೂ ಕಲ್ಲು ನಿಲ್ಲಿಸಿದೆ. ಹೆಂಡತಿಯನ್ನು ಕಳೆದುಕೊಂಡು ಮನೆಯಲ್ಲಿ ಒಬ್ಬನೇ ಆಗಿದ್ದೆ, ಈಗ ನಿಜವಾಗಿ ಒಬ್ಬನೇ ಆದೆ. ಸಂಜೆ ಹಿಂಡು ಕೂಡಿ, ಬೇಲಿಯ ಮೇಲಿಂದ ದಾಟಿ ಅವಳ ಹತ್ತಿರ ಹೋಗಿ, ಆ ದಿನ ಯಾವ ಕುರಿಯ ಬಾವು ಎಷ್ಟು ಇಳಿಯಿತು ಎಂದು ಬಾಯಿಬಿಟ್ಟು ಹೇಳಿ ಬರುತ್ತಿದ್ದೆ. ಕೇಳುವವರಿಗೆ ನಗೆ ಬಂದೀತು. ನನಗೆ ಅದು ಬೇಕಿತ್ತು.

ಎರಡನೆಯ ಸಲ ಔಷಧ ಕುಡಿಸಿದ ಮೇಲೆ ಹಿಕ್ಕೆ ಕಟ್ಟಿಕೊಂಡು ಮತ್ತೆ ಚಿತ್ತಾಪುರಕ್ಕೆ ಹೋದೆ. ಡಾಕ್ಟರು ಬಹಳ ಹೊತ್ತು ನೋಡಿ, “ಕಡಿಮಿ ಆಗ್ಯಾವ ಕಾಕಾ, ಪೂರ್ತಿ ಹೋಗಿಲ್ಲ. ಮಳಿ ಮುಂಚೆ ಮತ್ತೊಂದು ಸಲ ತರ್ರಿ. ಮಳಿ ಮುಗದ ಮ್ಯಾಲಂತೂ ತರಲೇಬೇಕು,” ಎಂದಳು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಎಂದು ಆಗ ತಿಳಿಯಿತು. ಮಳೆ ಹೀಗೆಯೇ ಅಕಾಲಕ್ಕೆ ಬರುತ್ತಿದ್ದರೆ, ಖಣಿಯಲ್ಲಿ ನೀರು ಇರುವವರೆಗೆ, ಪ್ರತಿ ವರ್ಷದ ಕೆಲಸ. ಆಗಲಿ ಎಂದೆ.

ಯುಗಾದಿ ಬಂತು, ಅವಳ ವರ್ಷದ ದಿನ ಬಂತು. ಆ ಬೆಳಿಗ್ಗೆ ನಾನು ಮೇಲಿನ ಕಲ್ಲುನೆಲದಲ್ಲಿ ಹಿಂಡಿನ ಜೊತೆಗಿದ್ದೆ. ಅತ್ತೆ ಊರ ಕಡೆಯಿಂದ ಒಬ್ಬಳೇ ನಡೆದು ಬರುವುದು ಕಂಡಿತು. ಬರುತ್ತಾಳೆಂದು ನನಗೆ ಹೇಳಿರಲಿಲ್ಲ. ಬಂದವಳೇ ಕುರಿಗಳ ನಡುವೆ ಹೊಕ್ಕು, ಒಂದೊಂದನ್ನೇ ಹಿಡಿದು ಗದ್ದದ ಕೆಳಗೆ ಬೆರಳಾಡಿಸಿದಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಮೂವತ್ತೊಂದು ಕುರಿ, ಹನ್ನೊಂದು ಆಡು. ಎಲ್ಲವನ್ನೂ ನೋಡಿ ಮುಗಿಸುವಷ್ಟರಲ್ಲಿ ಬಿಸಿಲೇರಿತ್ತು. ಆಮೇಲೆ ಇಳಿಜಾರಿಗೆ ಹೋಗಿ, ನಾನು ನಿಲ್ಲಿಸಿದ ಕಲ್ಲುಗಳ ಉದ್ದಕ್ಕೂ ನಡೆದಳು. ಅಲ್ಲಲ್ಲಿ ನಿಂತು ಕೈಯಿಂದ ತಳ್ಳಿ ನೋಡಿದಳು. ಒಂದು ಕಡೆ ಬಹಳ ಹೊತ್ತು ನಿಂತಳು.

ನಾನು ಹತ್ತಿರ ಹೋದೆ.

“ಇಲ್ಲಿ ಗಿಡ್ಡ ಆಗ್ಯಾದ,” ಎಂದಳು, ನನ್ನ ಕಡೆ ತಿರುಗದೆ. “ಆ ಕರಿ ಹೋತ ಅದಲ್ಲ, ಅದು ಇಷ್ಟು ಎತ್ತರ ಆಟ ಆಡಿದಂಗ ಹಾರ್ತದ. ಒಂದು ಹಾರಿದ್ರ ಹಿಂದ ಎಲ್ಲಾ ಹಾರ್ತಾವ. ಇನ್ನ ಎರಡು ಗೇಣು ಏರಿಸು, ಬಿಡ್ಡಾ.”

“ಏರಿಸ್ತೀನಿ, ಅತ್ತಿ.”

“ಯಾವಾಗ? ಮಳಿ ಬಂದ ಮ್ಯಾಲೇನು?”

ಮಧ್ಯಾಹ್ನ ಎಡೆ ಇಟ್ಟು, ಉಂಡು, ಬಂದವರು ಎದ್ದು ಹೋದ ಮೇಲೆ ನಾನು ಹಾರೆ ತೆಗೆದುಕೊಂಡು ಹೊರಟೆ. ಅತ್ತೆ ಹಿಂಡು ಹಿಡಿದಳು. ಆ ಗಿಡ್ಡ ಕಲ್ಲನ್ನು ಕಿತ್ತು, ಅದರ ಜಾಗಕ್ಕೆ ಉದ್ದನೆಯದೊಂದನ್ನು ಎಳೆದು ತಂದು ತಗ್ಗಿಗೆ ಇಳಿಸಿದೆ. ಬುಡಕ್ಕೆ ಚೂರುಕಲ್ಲು ಜಡಿದೆ. ಅಲುಗಲಿಲ್ಲ. ಪಡುವಣ ಬದಿಯಲ್ಲಿ ಇನ್ನೂ ಏಳೆಂಟು ಗಿಡ್ಡ ಕಲ್ಲುಗಳು ಕಂಡವು. ನಾಳೆಯಿಂದ ಅವುಗಳ ಕೆಲಸ.